ಗೆರೆ ಬೀಳದ ಬೀದಿ

ಹೆಣವನ್ನು ಮೊದಲು ಕಂಡವಳು ಬೀದಿ ಗುಡಿಸುವವಳು. ಕ್ಯಾಮೆರಾ ತನ್ನ ಮೂರು ಕಾಲಿನ ಮೇಲೆ ನೆಟ್ಟಗೆ ನಿಂತಿತ್ತು. ಅದರ ಯಜಮಾನ ಅಂಗಡಿಯೊಂದರ ಮೆಟ್ಟಿಲ ಮರೆಯಲ್ಲಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಜೇಬಿನಲ್ಲಿ ಪರ್ಸ್ ಹಾಗೇ ಇತ್ತು.

ಊರಿಗೆಲ್ಲ ಅವನು ಗೂಬೆ. ಬೆಳಕು ಹರಿಯುವ ಮುನ್ನ ಖಾಲಿ ಬೀದಿಗಳ ಚಿತ್ರ ತೆಗೆಯುವವನಿಗೆ ಆ ಹೆಸರಿಟ್ಟವಳು ಅವನ ಹೆಂಡತಿಯೇ. ಈಗ ಮಾಜಿ ಹೆಂಡತಿ. ಪತ್ರಿಕೆಯೊಂದರ ಚಿತ್ರ ಸಂಪಾದಕಿ. ಅರ್ಧ ಖಾಲಿಯಾದ ಹಾಸಿಗೆಯಲ್ಲಿ ಏಳುವುದು ಸಾಕಾಗಿ ಅವನನ್ನು ಬಿಟ್ಟಿದ್ದಳು. ಅವನ ಚಿತ್ರಗಳನ್ನು ಬಿಟ್ಟಿರಲಿಲ್ಲ. ಅವು ಅವಳ ಪುಟದಲ್ಲೇ ಅಚ್ಚಾಗುತ್ತಿದ್ದವು.

ಮಧ್ಯಾಹ್ನದೊಳಗೆ ಪೊಲೀಸರು ಬ್ರೆಡ್ ಸಾಗಿಸುವ ವ್ಯಾನಿನ ಡ್ರೈವರನ್ನು ಹಿಡಿದು ತಂದರು.

* * *

ಠಾಣೆಯ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಚಿತ್ರ ಸಂಪಾದಕಿಯ ಸೆರಗು ಹಿಡಿದು ನಿಲ್ಲಿಸಿದಳು.

"ಮೇಡಂ, ಸತ್ತವರ ಮನೆಯವರಾ ನೀವು?"

"ಇದ್ದೆ."

"ನಾನು ಡ್ರೈವರ್ ಹೆಂಡ್ತಿ. ನನ್ನ ಗಂಡ ಬಾಯಿಬಡುಕ, ಒಪ್ಕೋತೀನಿ. ಆದ್ರೆ ಇವತ್ತಿನವರೆಗೂ ಯಾರ ಮೇಲೂ ಕೈ ಎತ್ತಿದವನಲ್ಲ. ನಾಳೆ ಕೋರ್ಟಿಗೆ ಹಾಕ್ತಾರಂತೆ. ಒಳಗೆ ಹೋದ್ರೆ ಮತ್ತೆ ಬರ್ತಾನಾ?"

ಅವಳು ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

ಇನ್ಸ್‌ಪೆಕ್ಟರ್ ಕ್ಯಾಮೆರಾದಲ್ಲಿದ್ದ ಕೊನೆಯ ಚಿತ್ರವನ್ನು ಅಚ್ಚು ಹಾಕಿಸಿ ಇಟ್ಟಿದ್ದರು. ಒದ್ದೆ ಬೀದಿ, ಮುಚ್ಚಿದ ಅಂಗಡಿಗಳು, ಒಂದೇ ಒಂದು ದೀಪದ ಕಂಬ. ಒಂದು ನಾಯಿಯೂ ಇಲ್ಲ.

"ಮೇಡಂ, ಲೆನ್ಸ್ ನಿಮಿಷಗಟ್ಟಲೆ ತೆರೆದಿತ್ತು ಅಲ್ವಾ?"

"ಹೌದು. ನಡೆದು ಹೋಗೋ ಜನ ಅಳಿಸಿ ಹೋಗ್ತಾರೆ. ಗಾಡಿ ದೀಪ ಮಾತ್ರ ಗೆರೆಯಾಗಿ ಉಳಿಯುತ್ತೆ."

"ಅದೇ. ಲೆನ್ಸ್ ತೆರೆದಿದ್ದಾಗಲೇ ಇವನ ವ್ಯಾನ್ ಈ ಬೀದಿಗೆ ನುಗ್ಗಿದೆ. ಮೂಲೆ ಅಂಗಡಿಯ ಸಿಸಿ ಕ್ಯಾಮೆರಾದಲ್ಲಿ ಸಿಕ್ಕಿದೆ. ಇಲ್ಲಿ ಗೆರೆ ಎಲ್ಲಿ? ಮೂಲೆ ದಾಟಿದ ಮೇಲೆ ದೀಪ ಆರಿಸಿಕೊಂಡು ನುಸುಳಿದ್ದಾನೆ. ಗೂಬೆ ರಸ್ತೆಗೆ ಅಡ್ಡ ಕ್ಯಾಮೆರಾ ಇಡ್ತಾನೆ ಅಂತ ಹೋದ ವಾರವಷ್ಟೇ ಜಗಳ. ಮುಂದಿನ ಸಲ ಮೈಮೇಲೇ ಹತ್ತಿಸ್ತೀನಿ ಅಂದಿದ್ದನಂತೆ."

"ಅವನೇನಂತಾನೆ?"

"ದೀಪ ಹಾಕಿಕೊಂಡೇ ಹೋದೆ ಅಂತಾನೆ. ಗೂಬೆ ಕರಿ ರಟ್ಟೊಂದನ್ನ ಕ್ಯಾಮೆರಾದ ಮೂತಿಗೆ ಅಡ್ಡ ಹಿಡ್ಕೊಂಡು ನಿಂತಿದ್ದನಂತೆ. ಮುಖ ಕಾಣಲಿಲ್ಲವಂತೆ. ಹುಚ್ಚ ಅಂದ್ಕೊಂಡು ಹಾರ್ನ್ ಹೊಡೆದು ಹೋದೆ ಅಂತಾನೆ. ಸುಳ್ಳು ಹೇಳೋಕೂ ಬರಲ್ಲ ಬಡ್ಡಿಮಗನಿಗೆ."

ಅವಳು ಚಿತ್ರವನ್ನು ಕೆಳಗಿಟ್ಟಳು.

"ಗೂಬೆಯ ಚೀಲದಲ್ಲಿ ಕರಿ ರಟ್ಟು ಇತ್ತಾ?"

"ಇಲ್ಲ. ಬೀದಿಯಲ್ಲೂ ಸಿಕ್ಕಲಿಲ್ಲ."

"ಹಾಗಾದ್ರೆ ನೀವು ಡ್ರೈವರ್ ತಲೆ ಮೇಲೆ ಗೂಬೆ ಕೂರಿಸ್ತಿದ್ದೀರಿ ಸಾರ್."

ಇನ್ಸ್‌ಪೆಕ್ಟರಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡರು.

"ಗಾಡಿ ಬಂದಾಗ ಲೆನ್ಸಿಗೆ ರಟ್ಟು ಅಡ್ಡ ಹಿಡಿದು, ಹೋದ ಮೇಲೆ ತೆಗೆದರೆ ಚಿತ್ರದಲ್ಲಿ ಗೆರೆ ಬೀಳಲ್ಲ. ಇದು ನಮ್ಮ ಕಸುಬಿನವರ ಕೈಚಳಕ. ಬ್ರೆಡ್ ಸಾಗಿಸೋನು ಇದನ್ನ ಕಟ್ಟಿ ಹೇಳೋಕೆ ಸಾಧ್ಯವೇ ಇಲ್ಲ. ಕಂಡಿದ್ದನ್ನೇ ಹೇಳಿದ್ದಾನೆ."

"ಅಂದ್ರೆ ಆಗ ಗೂಬೆ ಬದುಕಿದ್ದ."

"ಗೂಬೆ ಜನ್ಮದಲ್ಲಿ ರಟ್ಟು ಹಿಡಿದವನಲ್ಲ. ಬೀದಿಗೆ ಬಂದಿದ್ದೆಲ್ಲ ಬೀದಿಯದ್ದೇ ಅಂತಿದ್ದ. ಅವನ ಚಿತ್ರಗಳ ತುಂಬ ಗೆರೆಗಳು. ರಟ್ಟು ಹಿಡಿದು ನಿಂತಿದ್ದವನು ಬೇರೆಯವನು."

"ಹೋದ ವರ್ಷ ಬಹುಮಾನ ಬಂದ ಚಿತ್ರ? ಗೋಡೆಗೆ ಹಾಕ್ಕೊಂಡಿದ್ದೀನಿ, ಅದೂ ಹೀಗೇ ಸ್ವಚ್ಛ."

ಅದನ್ನು ಅಚ್ಚಿಗೆ ಕಳಿಸಿದವಳು ಅವಳೇ. ತಾನು ಹೋದ ಮೇಲಾದರೂ ಮನುಷ್ಯ ಬದಲಾದನಲ್ಲ ಎಂದುಕೊಂಡಿದ್ದಳು.

"ಅದೂ ಅವನದ್ದಲ್ಲ" ಎಂದಳು ನಿಧಾನವಾಗಿ.

* * *

ಸಂಜೆ ಅವಳು ಕರೆಸಿದ್ದಕ್ಕೆ ಪತ್ರಿಕಾ ಕಚೇರಿಗೆ ಗೂಬೆಯ ಶಿಷ್ಯ ಬಂದ. ಗಡ್ಡದಲ್ಲಿ ಆಗಲೇ ಬಿಳಿ ಕೂದಲು. ಎಷ್ಟೋ ಮುಂಜಾವುಗಳಲ್ಲಿ ಗುರುವಿನ ಹಿಂದೆ ಚಳಿಯಲ್ಲಿ ನಡುಗಿ ಬಂದು ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿದಿದ್ದವನು. ಅರೆ ತೆರೆದ ಬಾಗಿಲ ಹಿಂದೆ ಇನ್ಸ್‌ಪೆಕ್ಟರ್ ನಿಂತಿದ್ದರು.

ಅವಳು ಆ ಕೊನೆಯ ಚಿತ್ರವನ್ನು ಶಿಷ್ಯನ ಮುಂದಿಟ್ಟಳು. "ನೋಡು. ನಾಳೆ ಮುಖಪುಟ. ಅವನು ತೆಗೆದ ಚಿತ್ರಗಳಲ್ಲೆಲ್ಲ ಇದೇ ಅತ್ಯುತ್ತಮ."

"ಚೆನ್ನಾಗಿದೆ ಅಕ್ಕ."

"ನಡುವೆ ಒಂದು ವ್ಯಾನ್ ಹೋಗಿದೆಯಂತೆ. ಗೊತ್ತೇ ಆಗಲ್ಲ. ಎಂಥ ಕೈ ಅವನದ್ದು. ನಿನಗೆ ಇನ್ನೂ ಹತ್ತು ವರ್ಷ ಆದ್ರೂ ಬರಲ್ಲ ಬಿಡು."

ಅವನು ಚಿತ್ರವನ್ನು ತನ್ನತ್ತ ಎಳೆದುಕೊಂಡ.

"ಆ ಕೈ ಅವರದ್ದಲ್ಲ."

"ಹೆಸರು ಅವನದ್ದೇ ಹೋಗೋದು."

"ಅವರಿಗೆ ರಟ್ಟು ಹಿಡಿದು ಕಾಯೋ ವ್ಯವಧಾನ ಎಲ್ಲಿತ್ತು ಅಕ್ಕ? ಬಹುಮಾನದ್ದೂ ನಂದೇ. ಹೊಸ ಪ್ರದರ್ಶನದಲ್ಲಿ ಅರ್ಧಕ್ಕರ್ಧ ನಂದೇ. ಒಂದರ ಕೆಳಗಾದ್ರೂ ನನ್ನ ಹೆಸರು ಹಾಕಿ ಅಂದೆ. ಶಟರ್ ಒತ್ತಿ, ಬೆನ್ನು ತಿರುಗಿಸಿ, 'ನಿನ್ನ ಹೆಸರು ನೋಡೋಕೆ ಯಾರಪ್ಪ ಬರ್ತಾರೆ' ಅಂದ್ರು. ಕೈಯಲ್ಲಿ ನನ್ನ ಕ್ಯಾಮೆರಾದ ಸ್ಟ್ಯಾಂಡ್ ಇತ್ತು."

ಬಾಗಿಲು ಪೂರ್ತಿ ತೆರೆಯಿತು. ಅವನು ತಿರುಗಿಯೂ ನೋಡಲಿಲ್ಲ.

"ಅಷ್ಟರಲ್ಲಿ ವ್ಯಾನ್ ಬಂತು. ಲೆನ್ಸ್ ಇನ್ನೂ ತೆರೆದಿತ್ತು."

"ಓಡಿಹೋಗಬಹುದಿತ್ತಲ್ಲೋ" ಎಂದಳು ಅವಳು.

"ಚಿತ್ರ ಹಾಳಾಗ್ತಿತ್ತು."

ಅವನ ಚೀಲದಲ್ಲಿ ಕರಿ ರಟ್ಟು ಸಿಕ್ಕಿತು. ಮಡಿಸಿದ ಸ್ಟ್ಯಾಂಡಿನ ಕಾಲನ್ನು ತೊಳೆದಿದ್ದ. ತಿರುಪಿನ ಸಂದಿಯಲ್ಲಿ ರಕ್ತ ಒಣಗಿತ್ತು. ಇನ್ಸ್‌ಪೆಕ್ಟರ್ ಠಾಣೆಗೆ ಫೋನ್ ಮಾಡಿ ಡ್ರೈವರನ್ನು ಬಿಡಲು ಹೇಳಿದರು. ಆ ಕಡೆಯಿಂದ ಹೆಂಗಸೊಬ್ಬಳು ಅವನನ್ನು ಬೈಯುತ್ತ ಅಳುವುದು ಕೇಳಿಸಿತು.

ಬಾಗಿಲ ಬಳಿ ಶಿಷ್ಯ ನಿಂತ.

"ಮುಖಪುಟಕ್ಕೆ ಹೋಗುತ್ತಲ್ವಾ ಅಕ್ಕ?"

"ಹೋಗುತ್ತೆ."

"ಯಾರ ಹೆಸರಲ್ಲಿ?"

"ನಿನ್ನದೇ."

ಅವನ ಮುಖ ಸಡಿಲವಾಯಿತು. ಬೇಡಿಯ ಕೈಯೆತ್ತಿ ನಮಸ್ಕರಿಸಿದ.

ಅವಳು ಕುರ್ಚಿಗೆ ಬಂದು ಚಿತ್ರದ ಕೆಳಗಿದ್ದ ಹೆಸರನ್ನು ಅಳಿಸಿ ಅವನದನ್ನು ಬರೆದಳು. ಆಮೇಲೆ ಪಕ್ಕದ ಅಂಕಣದಲ್ಲಿ ಕೊಲೆಯ ಸುದ್ದಿ ಶುರುಮಾಡಿದಳು. ಮೊದಲ ಸಾಲಿಗೂ ಅದೇ ಹೆಸರು ಬೇಕಾಯಿತು.