ಸರದಿ ತಪ್ಪಿದ ಪ್ಲಗಿನ್

"ಕೀಬೋರ್ಡ್ ಮೇಲಿಂದ ಕೈ ತೆಗಿ, ವೇಗಾರ್!"

ಬೋಟ್ ಬುಕಿಂಗ್ ಕಚೇರಿಯ ಪ್ರೋಗ್ರಾಮರ್ ಬೆಚ್ಚಿಬಿದ್ದ. ಬುಕಿಂಗ್ ಸಾಫ್ಟ್‌ವೇರಿನ ಹಳೆಯ ವರ್ಷನ್ ಅಳಿಸಲು ಹೊರಟಿದ್ದ ಮಹಾನುಭಾವ!

ನಾನು ರಾಂಡಿ. ಸಾಫ್ಟ್‌ವೇರ್ ಕೆಟ್ಟು ಕೂತಾಗ ಈ ದ್ವೀಪದವರು ನನಗೇ ಫೋನ್ ಮಾಡುತ್ತಾರೆ. ಹೊಗಳಲು ಯಾರೂ ಮಾಡುವುದಿಲ್ಲ, ಬಿಡಿ.

"ಏನಾಯ್ತೇ?"

"ಉನ್ನಿ ಅಜ್ಜಿಗೆ ಸೀಟಿಲ್ಲವಂತೆ! ಡಯಾಲಿಸಿಸ್‌ಗೆ ಬೋಡೋ ಆಸ್ಪತ್ರೆಗೆ ಹೋಗ್ಬೇಕು. ಇವತ್ತು ಶುಕ್ರವಾರ, ತಪ್ಪಿದ್ರೆ ಸೋಮವಾರದವರೆಗೆ ಬೋಟಿಲ್ಲ... ಅಷ್ಟು ದಿನ ಆ ಜೀವ ತಡೆಯಲ್ಲ ಕಣೋ!"

"ಹೆಲಿಕಾಪ್ಟರ್?"

"ಹೊರಗೆ ಮಂಜು ನೋಡಿದ್ಯಾ?"

ಬೋಟು ಹೊರಡಲು ಹದಿನೆಂಟು ನಿಮಿಷ!

"ಬೆಳಗ್ಗೆ ಏನು ಮಾಡ್ದೆ?"

"ಫ್ರೇಮ್‌ವರ್ಕ್ ಹೊಸ ವರ್ಷನ್‌ಗೆ ಏರಿಸ್ದೆ. ಪ್ಲಗಿನ್, ಮಿಡಲ್‌ವೇರ್ ಎಲ್ಲಾ ತಂದಿದ್ದೀನಿ. ಟೆಸ್ಟ್ ಎಲ್ಲಾ ಹಸಿರು!"

"ಒಂದೊಂದನ್ನೇ ಟೆಸ್ಟ್ ಮಾಡ್ದೆ. ಸಾಲಾಗಿ ನಿಲ್ಲಿಸಿ ನೋಡಿದ್ಯಾ?"

ಅವನು ಪರದೆಯನ್ನು ನನ್ನತ್ತ ತಿರುಗಿಸಿದ.

ಮಿಡಲ್‌ವೇರ್ ಎಂದರೆ ಬಾಗಿಲ ಕಾವಲುಗಾರರ ಸಾಲು. ಬಂದ ಪ್ರತಿ ಬುಕಿಂಗನ್ನೂ ಒಬ್ಬರಾದ ಮೇಲೊಬ್ಬರು ನೋಡಿ ಒಳಗೆ ಬಿಡಬೇಕು. ಹಳೆಯ ವರ್ಷನ್‌ನಲ್ಲಿ ಪ್ಲಗಿನ್, ಅಂದರೆ ಹೊರಗಿನಿಂದ ಜೋಡಿಸಿದ ಪುಟ್ಟ ಪ್ರೋಗ್ರಾಮ್, ಆ ಸಾಲಿನಲ್ಲಿ ತನ್ನ ಜಾಗ ತಾನೇ ಹಿಡಿಯುತ್ತಿತ್ತು. ಹೊಸದರಲ್ಲಿ ನಾವು ಬರೆದ ಸರದಿಯೇ ಸರದಿ. ರೋಗಿಗಳಿಗೆ ಸೀಟು ಕಾದಿಡುವ ಪ್ಲಗಿನ್ ಕಟ್ಟಕಡೆಗೆ ನಿಂತಿತ್ತು. ಅದರ ಸರದಿ ಬರುವಷ್ಟರಲ್ಲಿ ಸೀಟೆಲ್ಲ ಮಾರಿ ಮುಗಿದಿತ್ತು!

ಕೋಡಿನಲ್ಲಿ ಅದರ ಸಾಲನ್ನು ಎಲ್ಲಕ್ಕಿಂತ ಮೇಲೆ ಸರಿಸಿದೆ. ಮುಂದಿನ ಬೋಟಿನ ರೋಗಿಗಳು ಬಚಾವ್. ಆದರೆ ಅಜ್ಜಿ?

"ಅವಳ ಸೀಟು ಯಾರಿಗೆ ಹೋಯ್ತು?"

ವೇಗಾರ್ ಪ್ರಯಾಣಿಕರ ಪಟ್ಟಿ ತೆರೆದ. "ಸ್ಟೈನಾರ್‌ಗೆ..."

ವೇಗಾರ್‌ನ ಬಾಸ್! ಬೋಡೋ ದಾರಿಯಲ್ಲಿ ಸಿಗುವ ದ್ವೀಪದಲ್ಲಿ ಸ್ಟೈನಾರ್‌ನ ರಜಾ ಮನೆ. ಶುಕ್ರವಾರದ ಮಧ್ಯಾಹ್ನವೇ ಅಲ್ಲಿಗೆ ಹೊರಡಬೇಕೆಂದು, ಬೆಳಗ್ಗೆಯೇ ಹೊಸ ವರ್ಷನ್ ಏರಿಸಿ ಮುಗಿಸು ಎಂದು ಕುತ್ತಿಗೆ ಮೇಲೆ ಕೂತಿದ್ದ ಪುಣ್ಯಾತ್ಮ!

ಓಡಿದೆ. ಮೀನಿನ ಪೆಟ್ಟಿಗೆ ಎಡವಿದೆ. ಮೊಣಕಾಲು ತರಚಿಹೋಯಿತು. ಎದ್ದೆ... ಮತ್ತೆ ಓಡಿದೆ!

ಬೋಟಿನ ಹಗ್ಗ ಬಿಚ್ಚುತ್ತಿದ್ದರು.

"ನಿಲ್ಸ್ರೋ!"

ದಡದಲ್ಲಿ ಉನ್ನಿ ಅಜ್ಜಿ ಚೀಲ ಅಪ್ಪಿಕೊಂಡು ನಿಂತಿದ್ದಳು. ಕಣ್ಣು ತುಂಬಿತ್ತು. ನಾನು ಬೋಟಿನೊಳಗೆ ಹಾರಿದೆ.

ಕಿಟಕಿ ಪಕ್ಕ ಸ್ಟೈನಾರ್. ತೊಡೆ ಮೇಲೆ ನಾಯಿ.

"ಇಳಿ."

"ಟಿಕೆಟ್ ಇದೆ ನಂದು!"

"ಡಯಾಲಿಸಿಸ್‌ಗೆ ಹೊರಟ ಅಜ್ಜಿ ಸೀಟದು. ನಿನ್ನ ಅವಸರ ಕಿತ್ಕೊಂಡಿದೆ. ಇಳೀತೀಯೋ, ಇಲ್ಲಾ ಇವರಿಗೆಲ್ಲಾ ಬಿಡಿಸಿ ಹೇಳ್ಲೋ?"

ನಲವತ್ತು ತಲೆಗಳು ಅವನತ್ತ ತಿರುಗಿದವು. ಹೇಳುವ ಅಗತ್ಯವೇ ಬೀಳಲಿಲ್ಲ.

ಅವನು ಇಳಿದ. ಅಜ್ಜಿ ಹತ್ತಿದಳು. ಬೋಟು ಹೊರಟಿತು. ಆಗ ಬಂತು ನೋಡಿ ನನಗೆ ಉಸಿರು!

ಸ್ಟೈನಾರ್ ಹಲ್ಲು ಕಡಿದ. "ನನಗೆ ಮುಂದಿನ ಬೋಟು ಯಾವಾಗ?"

"ಸೋಮವಾರ ಬಾ... ರೋಗಿಗಳು ಹತ್ತಿದ ಮೇಲೆ ಸೀಟು ಉಳಿದ್ರೆ ನೋಡೋಣ!"