ಲೇಪನ ಒಡೆದ ದಿನಗಳು

"ಯಾರ್ರಿ ನೀವು? ನನ್ನ ಬಾಟ್ಲಿ ನಿಮ್ಮ ಬ್ಯಾಗಿನಾಗ ಯಾಕ ಹೊಂಟದ?"

ಶಿವಲಕ್ಷ್ಮಿ ಬ್ಯಾಗಿಗೆ ಕೈಹಾಕಿ ಎಳೆದ ರಭಸಕ್ಕೆ ಬಾಟ್ಲಿಯ ಮುಚ್ಚಳ ಕಳಚಿ, ಹಾಲಿನಂಥ ದ್ರವ ಆ ಅಪರಿಚಿತನ ಅಂಗಿಯ ಮೇಲೆಲ್ಲ ಚೆಲ್ಲಿತು.

"ಹೊಸ ಕ್ವಾಲಿಟಿ ಕೆಮಿಸ್ಟ್ ರಿ... ಅಮೋಘಸಿದ್ದ."

"ಹಂಗಾದ್ರ ಕೇಳಿ ಒಯ್ಬೇಕು! ಕಳ್ಳರಂಗ ಯಾಕ?"

ಆತ ಅಂಗಿ ಒರೆಸಿಕೊಳ್ಳುತ್ತ ಅವಳತ್ತ ನೋಡಿದ. ಆ ಕಣ್ಣುಗಳು ಅವಳಿಗೆ ಇಷ್ಟವಾದವು... ಅದಕ್ಕೇ ಇನ್ನಷ್ಟು ಸಿಟ್ಟು ಬಂತು!

ಜಹೀರಾಬಾದಿನ ಆ ಸಣ್ಣ ಕಾರ್ಖಾನೆಗೆ ತಾಂಡೂರು ಕಲ್ಲಿನ ನೆಲಕ್ಕೆ ಬಳಿಯುವ ಲೇಪನ ಮಾಡಿಕೊಟ್ಟವಳು ಶಿವಲಕ್ಷ್ಮಿಯೇ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಸಿ ನಿಲ್ಲಿಸಿದ ಲೇಪನ. ಥಿನ್ನರಿನ ಘಾಟಿಲ್ಲ, ಒಣಗಿದರೆ ಗಾಜಿನಂಥ ಪದರ. ಆದರೆ ಈಚೆಗೆ ದೊಡ್ಡ ಟ್ಯಾಂಕಿನಲ್ಲಿ ಅದು ಮೊಸರಿನಂತೆ ಒಡೆಯುತ್ತಿತ್ತು. ಆಗಲೇ ಮಾಲಕ ಉಮಾಕಾಂತ ಈತನನ್ನು ಕರೆತಂದಿದ್ದ.

'ನನ್ನ ತಪ್ಪು ಹುಡುಕಾಕೇ ಬಂದಾನ. ನನ್ನ ಜಾಗಾ ಬೇಕಾಗ್ಯದ ಇವನಿಗೆ...'

ಅವಳ ಸಂಶಯ ದಿನದಿನಕ್ಕೂ ಬಲಿಯಿತು. ಆತ ಬಾಟ್ಲಿ ಹಿಡಿದು ತಾಂಡೂರಿನ ಬಸ್ಸು ಹತ್ತುತ್ತಿದ್ದ. ಟ್ಯಾಂಕಿಗೆ ನೀರು ಶುದ್ಧಮಾಡಿ ಬಿಡುವ ನೀರಿನ ಕೋಣೆಯಲ್ಲಿ, ಅದನ್ನು ನೋಡಿಕೊಳ್ಳುವ ಅವಳ ಸೋದರಮಾವ ಮಾಣಿಕಪ್ಪನ ಜೊತೆ ಪಿಸುಗುಡುತ್ತಿದ್ದ. ಅವಳು ಕಂಡೊಡನೆ ಇಬ್ಬರೂ ಗಪ್ಪಾಗುತ್ತಿದ್ದರು! ಅಪ್ಪನಿಲ್ಲದ ಅವಳನ್ನು ಓದಿಸಿ ಬೆಳೆಸಿದ ಮಾವನನ್ನೂ ಇವನು ತಿರುಗಿಸಿಬಿಟ್ಟನೇ?

ಮತ್ತೊಂದು ಟ್ಯಾಂಕು ಒಡೆದ ದಿನ ಅವಳು ತಡೆದುಕೊಳ್ಳಲಿಲ್ಲ.

"ಸಾಹೇಬ್ರ, ಇವ್ರು ನನ್ನ ಮಾಲು ತಾಂಡೂರಿಗೆ ಒಯ್ತಾರ. ಯಾಕಂತ ಕೇಳ್ರಿ!"

ಉಮಾಕಾಂತ ಕೇಳಿದ. ಅಮೋಘಸಿದ್ದ ಪಕ್ಕದಲ್ಲಿ ನಿಂತಿದ್ದ ಮಾಣಿಕಪ್ಪನತ್ತ ನೋಡಿ ತಲೆ ತಗ್ಗಿಸಿದ.

"ಹೇಳಾಕ ಆಗಂಗಿಲ್ರಿ. ನೌಕರಿ ಬಿಡ್ತೀನಿ."

ಆತ ಹೊರಟುಹೋದ. ಗೆದ್ದೆನೆನ್ನುವ ಖುಷಿ ಮಾತ್ರ ಅವಳಿಗೆ ಬರಲಿಲ್ಲ. ಮಾವ ಯಾಕೆ ಬೆವರುತ್ತಿದ್ದ? ನೀರಿನ ಕೋಣೆಯ ಆ ಪಿಸುಮಾತು ಅವಳಿಗೆ ನೆನಪಾಯಿತು.

ಮರುದಿನ ಅವಳು ಒಂದೇ ಲೇಪನವನ್ನು ಎರಡು ಗಾಜಿನ ಪಾತ್ರೆಗಳಲ್ಲಿ ಕಲಸಿದಳು. ಒಂದಕ್ಕೆ ಲ್ಯಾಬಿನ ಶುದ್ಧ ನೀರು, ಇನ್ನೊಂದಕ್ಕೆ ಟ್ಯಾಂಕಿಗೆ ಬರುವ ನಲ್ಲಿಯ ನೀರು. ಎರಡನೆಯದು ಕಣ್ಣೆದುರೇ ಮೊಸರಾಯಿತು! ಗಡಸು ನೀರಿನ ಸುಣ್ಣದಂಶ ಕಣಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿತ್ತು.

ಅವಳು ನೀರಿನ ಕೋಣೆಗೆ ಓಡಿದಳು. ಮಾಣಿಕಪ್ಪ ಅಳತೊಡಗಿದ.

"ಗಡಸು ನೀರು ಮೆದು ಮಾಡೋ ಫಿಲ್ಟರ್ ಕೆಟ್ಟಿತ್ತವ್ವಾ. ಹೊಸಾದು ತರಸಾಕ ಮರ್ತೆ. ಹೇಳಾಕ ಅಂಜಿ, ಬೋರಿನ ನೀರು ಸೀದಾ ಬಿಟ್ಟೆ. ಆ ಹುಡುಗ ತಾಂಡೂರಿನ ಲ್ಯಾಬಿನಾಗ ಮಾಲು, ನೀರು ಎರಡೂ ಪರೀಕ್ಷೆ ಮಾಡಿಸ್ಕೊಂಡು ಬಂದು ನನ್ನ ತಪ್ಪು ಹಿಡದ. ಬಾಯಿ ಬಿಡಬ್ಯಾಡಂತ ನಾನೇ ಕೈ ಮುಗ್ದೆ..."

ಶಿವಲಕ್ಷ್ಮಿ ಮಾವನ ಕೈ ಹಿಡಿದಳು.

"ನಡೀ ಮಾವಾ. ಸಾಹೇಬ್ರಿಗೆ ಹೇಳೂಣು."

ಉಮಾಕಾಂತ ಕೂಗಾಡಿದ. ಮಾಣಿಕಪ್ಪನನ್ನು ಗೋದಾಮಿನ ಕೆಲಸಕ್ಕೆ ಹಾಕಿದ. ಅಮೋಘಸಿದ್ದನನ್ನು ವಾಪಸ್ ಕರೆಯಲು ಒಪ್ಪಿದ.

ಅವಳು ಆತನ ಊರಾದ ದೌಲತಾಬಾದಿನ ಬಸ್ಸು ಹಿಡಿದಳು. ಊರಾಚೆಯ ಹೊಲದಲ್ಲಿ ಆತ ಅಪ್ಪನ ಕುರಿಗಳಿಗೆ ನೀರು ಕುಡಿಸುತ್ತಿದ್ದ.

"ನನಗ್ಯಾಕ ಹೇಳ್ಲಿಲ್ಲ?"

"ನಿಮ್ಮನ್ನ ಬೆಳೆಸಿದ ಮನಷಾ. ನಿಮ್ಮ ಕಣ್ಣಾಗ ಸಣ್ಣಾವ ಆಗ್ತಾನಂತ..."

"ನೀವು ಕಳ್ಳ ಆದ್ರ ನಡೀತದೇನು? ನನ್ನ ಲೇಪನ, ನನ್ನ ಮಾವ! ಏನು ಮಾಡಬೇಕಂತ ನಾ ನಿರ್ಧಾರ ಮಾಡಬೇಕಿತ್ತು, ನೀವಲ್ಲ!"

ಆತನ ಮುಖ ಬಾಡಿತು. "ಖರೇ. ತಪ್ಪಾತು."

ಅವಳ ಕಣ್ಣು ತುಂಬಿತು. "ತಪ್ಪು ನಂದೂ ಅದ. ಎಲ್ಲಾರ ಮುಂದ ನಿಮ್ಮ ಮರ್ಯಾದಿ ಕಳ್ದೆ. ಅವತ್ತಿಂದ ಅಳಾಕತ್ತೀನಿ..."

"ಯಾಕ?"

"ಅದನ್ನೂ ಬಾಯಿಬಿಟ್ಟು ಹೇಳ್ಬೇಕೇನ್ರಿ? ನೀವು ಬೇಕು ನನಗ!"

ಆತ ಕೈಯಲ್ಲಿದ್ದ ಕೊಡ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದ.

"ಬಾ ಶಿವಲಕ್ಷ್ಮಿ, ಅವ್ವ ರೊಟ್ಟಿ ಬಡ್ಯಾಕತ್ಯಾಳ."

"ಏನಂದ್ರಿ?"

"ರೊಟ್ಟಿ..."

"ಅದಲ್ಲ. ಹಂಗೇ ಇನ್ನೊಮ್ಮೆ ಕರೀರಿ."

"ಬಾ... ಶಿವಲಕ್ಷ್ಮಿ."