ಬೀಗ ಹಾಕಿದ ಕಡಲು

ಜೀಪಿನ ಬಂಪರ್ ನನ್ನ ಸ್ಕೂಟರಿನ ಹಿಂಬದಿಗೆ ತಾಗಿತು!

ಸ್ಕೂಟರ್ ಎಡಕ್ಕೆ ವಾಲಿತು. ಚರಂಡಿಯ ಅಂಚು... ಕೆಂಪು ಕೆಸರು... ಮತ್ತೆ ಡಾಮರು.

ಬೀಳಲಿಲ್ಲ.

ಬಲಗೈ ಆಕ್ಸಿಲರೇಟರಿನಲ್ಲಿ. ಎಡಗೈ ಎದೆಗೆ ಒತ್ತಿಕೊಂಡ ಫೋನಿನ ಮೇಲೆ. ಆ ಫೋನ್ ನನ್ನದಲ್ಲ. ಹಿಂದೆ ಜೀಪಿನಲ್ಲಿ ಕುಳಿತು ಬೊಬ್ಬೆ ಹಾಕುತ್ತಿದ್ದ ಯಶ್ವಂತನದು. ನನ್ನ ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಸಿಕ್ಕಿಸಿದ್ದೆ. ಅದರಲ್ಲಿ ಶ್ರವಣ್ ಕಿರುಚುತ್ತಿದ್ದ. ಮಣಿಪಾಲದ ಆಫೀಸಿನಲ್ಲಿ ಕಂಪ್ಯೂಟರಿನ ಎದುರು ಕುಳಿತ ಶ್ರವಣ್.

"ಒಟಿಪಿ ಕಳಿಸಿದ್ದೇನೆ! ಬಂತಾ?"

"ಕಾಣುದಿಲ್ಲ!"

"ಸ್ವಲ್ಪ ನೋಡಿ ಮಾರಾಯ್ರೆ!"

"ನೋಡಿದರೆ ಚರಂಡಿಗೆ ಬೀಳ್ತೇನೆ ಮಾರಾಯ್ರೆ!"

ಇನ್ನೊಂದು ಗುದ್ದು! ಹಿಂದಿನ ಲೈಟು ಒಡೆದು ಚೂರಾಯಿತು.

ಬೈಲೂರು ದಾಟಿತ್ತು. ಹಿರಿಯಡ್ಕ ಇನ್ನೂ ಬಂದಿರಲಿಲ್ಲ. ನಡುವೆ ರಸ್ತೆ, ರಬ್ಬರ್ ತೋಟ, ನಾನು, ಜೀಪು. ಅತ್ತ ಕಾಪುವಿನ ಕಡಲಲ್ಲಿ ಇಬ್ಬರು ಗಂಡಸರು ಮುಳುಗುತ್ತಿದ್ದರು. ಅವರು ಎಲ್ಲಿದ್ದಾರೆಂದು ಒಂದು ಕಂಪ್ಯೂಟರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಅದು ಹೇಳುವುದಿಲ್ಲ. ಅವರು ಕೊಂಡ ಪ್ಲಾನು ಚಿಕ್ಕದು!

ನಗಬೇಡಿ. ಬೆಳಿಗ್ಗೆಯಿಂದ ಹೇಳುತ್ತೇನೆ.

ನನ್ನ ಹೆಸರು ಚೈತಾಲಿ. ಕಾಪು ಪೇಟೆಯ ಒಂದು ರೀಚಾರ್ಜ್ ಅಂಗಡಿಯ ಮೂಲೆಯಲ್ಲಿ ನನ್ನ ಸ್ಟೂಲ್ ಇದೆ. ವೆಬ್‌ಸೈಟುಗಳಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸುವುದು ನನ್ನ ಕೆಲಸ. ತಿಂಗಳ ದರವನ್ನು ದೊಡ್ಡದಾಗಿ ಬರೆದು ವರ್ಷದ ಹಣ ಎಳೆದುಕೊಳ್ಳುವ ಪೇಜುಗಳಿವೆ. ನಾವು ಕೇಳದೆಯೇ ಟಿಕ್ ಹಾಕಿಟ್ಟ ಪೇಜುಗಳಿವೆ. 'ಫ್ರೀ ಟ್ರಯಲ್, ಯಾವಾಗ ಬೇಕಾದರೂ ಕ್ಯಾನ್ಸಲ್ ಮಾಡಿ' ಎಂದು ಒಳಗೆ ಕರೆದು, ಹೊರಬರುವ ಬಾಗಿಲೇ ಕಾಣಿಸದ ಪೇಜುಗಳಿವೆ. ನಾಲ್ಕು ಜನರೆದುರು ಮಾತಾಡಲು ನನಗೆ ಬರುವುದಿಲ್ಲ. ನೋಡಲು ಬರುತ್ತದೆ. ಪೇಜನ್ನು ನೋಡುತ್ತೇನೆ. ಅದನ್ನು ಮಾಡಿಸಿದವನನ್ನು ಹುಡುಕುತ್ತೇನೆ. ಅವನ ಎದುರು ಹೋಗಿ ಕೂರುತ್ತೇನೆ.

ಸುಮ್ಮನೆ.

ಹೆಚ್ಚಿನವರಿಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ಹಣ ವಾಪಸ್ ಮಾಡುತ್ತಾರೆ.

ಆ ಭಾನುವಾರ ಬೆಳಿಗ್ಗೆ ವಾರಿಜಕ್ಕ ಓಡಿ ಬಂದರು. ಬರಿಗಾಲು. ಕೈಯಲ್ಲಿ ಫೋನು. ಫೋನಿನಲ್ಲಿ ಆಂಬುಲೆನ್ಸಿನ ಹಾಗೆ ಸದ್ದು.

"ಚೈತಾ... ಇದು ಎಂತ ಹೇಳ್ತಾ ಉಂಟು ನೋಡು ಮಗಾ!"

ನೋಡಿದೆ.

ವಾರಿಜಕ್ಕನ ಬಲೆಗೆ ಎರಡು ದೋಣಿ. ದೊಡ್ಡದರಲ್ಲಿ ಬಲೆ, ಜನ. ಸಣ್ಣದರಲ್ಲಿ ವಾರಿಜಕ್ಕನ ತಮ್ಮ ಬೂಬಣ್ಣ ಮತ್ತು ಸುಂದರ. ದೊಡ್ಡದು ಬೆಳಿಗ್ಗೆ ದಡಕ್ಕೆ ಬಂದಿತ್ತು. ಹಿಂದೆಯೇ ಬರಬೇಕಾಗಿದ್ದ ಸಣ್ಣದು ಬರಲಿಲ್ಲ. ನಡುವೆ ಗಾಳಿ ಎದ್ದಿತ್ತು.

ಎರಡೂ ದೋಣಿಯಲ್ಲಿ 'ಕಡಲಕಣ್ಣು' ಕಂಪನಿಯ ಕೆಂಪು ಡಬ್ಬಿ ಇತ್ತು. ಅಪಾಯ ಬಂದರೆ ಡಬ್ಬಿಯ ಬಟನ್ ಒತ್ತಬೇಕು. ದೋಣಿ ಎಲ್ಲಿದೆಯೆಂದು ದಡದಲ್ಲಿದ್ದವರ ಫೋನಿಗೆ ಬರುತ್ತದೆ.

ಬೂಬಣ್ಣ ಒತ್ತಿದ್ದ. ಬಂದಿತ್ತು ಕೂಡ!

ಸ್ಕ್ರೀನಿನಲ್ಲಿ ಕಡಲಿನ ನಕ್ಷೆ. ನಕ್ಷೆಯ ಮೇಲೆ ಮಂಜು ಹಿಡಿದ ಗಾಜಿನ ಹಾಗೆ ಒಂದು ಪರದೆ. ನಡುವಿನಲ್ಲಿ ಬೀಗದ ಚಿತ್ರ. ಕೆಳಗೆ ಹಸಿರು ಬಟನ್...

'ಲೊಕೇಶನ್ ನೋಡಲು ಅಪ್‌ಗ್ರೇಡ್ ಮಾಡಿ.'

"ಅಕ್ಕ, ಇದನ್ನು ತೆಗೊಳ್ಳುವಾಗ ಎಷ್ಟು ಅಂತ ಒತ್ತಿದ್ರಿ?"

"ಒಂದು. ಮತ್ತೆಷ್ಟು? ನಮ್ಮದು ಒಂದೇ ಬಲೆ ಅಲ್ವಾ!"

ಕಡಲ ಬದಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಇಲ್ಲಿ ದೋಣಿ ಲೆಕ್ಕವಲ್ಲ, ಬಲೆ ಲೆಕ್ಕ. ಎರಡು ದೋಣಿ ಸೇರಿದರೆ ಒಂದು ಬಲೆ. ಮೀನು ಒಟ್ಟಿಗೆ, ಪಾಲು ಒಟ್ಟಿಗೆ, ಹರಕೆಯೂ ಒಟ್ಟಿಗೆ.

ಹಸಿರು ಬಟನ್ ಒತ್ತಿ ದರದ ಪೇಜ್ ತೆರೆದೆ. ದರದ ಕೆಳಗೆ ಒಂದು ಚೌಕ. ಚೌಕದಲ್ಲಿ ಅವರೇ ಬರೆದಿಟ್ಟ '1'. ಯಾವುದರ ಒಂದು? ದೋಣಿಯಾ, ಡಬ್ಬಿಯಾ, ಬಲೆಯಾ, ಮನೆಯಾ? ಒಂದಕ್ಷರವಿಲ್ಲ. ಪಕ್ಕದಲ್ಲಿ ಸಣ್ಣ ಪ್ರಶ್ನೆ ಚಿಹ್ನೆ. ಅದನ್ನು ಮುಟ್ಟಿದೆ. ಏನೂ ಆಗಲಿಲ್ಲ. ಮೌಸಿನ ಬಾಣವನ್ನು ಅದರ ಮೇಲೆ ಇಟ್ಟರೆ ಮಾತ್ರ ವಿವರ ಕಾಣುತ್ತದಂತೆ. ಕಾಪುವಿನಲ್ಲಿ ಯಾವ ಮೀನುಗಾರ ಮೌಸ್ ಹಿಡಿದುಕೊಂಡು ದೋಣಿ ಹತ್ತುತ್ತಾನೆ?

ಚೌಕದಲ್ಲಿ '2' ಮಾಡಿದೆ.

ದರ ಮಾಯ!

'ನಮ್ಮನ್ನು ಸಂಪರ್ಕಿಸಿ. ಕೆಲಸದ ದಿನಗಳಲ್ಲಿ ನಮ್ಮ ತಂಡ ನಿಮಗೆ ಕರೆ ಮಾಡುತ್ತದೆ.'

ಭಾನುವಾರ. ಬೂಬಣ್ಣ ನೀರಿನಲ್ಲಿ. ತಂಡ ಮನೆಯಲ್ಲಿ!

"ಪೊಲೀಸರಿಗೆ ಹೇಳಿದ್ದೀರಾ?"

"ಹೇಳಿದೆ. ಅವರ ಬೋಟು ಹೊರಟಿದೆ. ದೊಡ್ಡ ದೋಣಿಯೂ ಪುನಃ ಹೋಗಿದೆ. ಯಾವ ಕಡೆ ಅಂತ ಕೇಳ್ತಾರೆ... ನಾನು ಯಾವ ಕಡೆ ಅಂತ ಹೇಳಲಿ ಚೈತಾ? ಕಡಲು ಯಾವ ಕಡೆಯೂ ಉಂಟಲ್ಲ!"

ಅವರು ಅಳಲಿಲ್ಲ. ಅದು ನನ್ನನ್ನು ಇನ್ನೂ ಹೆದರಿಸಿತು.

ಅವರ ಫೋನನ್ನೂ ಹಿಡಿದುಕೊಂಡು ಸ್ಕೂಟರ್ ತೆಗೆದೆ.

ಮಣಿಪಾಲದಲ್ಲಿ ಶ್ರವಣ್‌ನನ್ನು ಹಿಡಿದದ್ದು ಹೋಟೆಲಿನಲ್ಲಿ. ಎದುರಿಗೆ ಬನ್ಸು, ಅರ್ಧ ಚಹಾ. ಕಡಲಕಣ್ಣಿನ ಪೇಜ್ ಕಟ್ಟಿದವನು ಇವನೇ; ಪೇಜಿನ ತಳದಲ್ಲಿ ಹೆಸರು, ನಂಬರ್ ಇತ್ತು. ನಾನು ಎದುರು ಕುಳಿತೆ. ವಾರಿಜಕ್ಕನ ಫೋನನ್ನು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟೆ.

ಅವನು ಬೀಗವನ್ನು ನೋಡಿದ. ಬನ್ಸು ಕೈಯಿಂದ ಜಾರಿತು.

"ದೇವರೇ... ಇದು ನಿಜವಾದ ಅಲರ್ಟಾ?"

ತಲೆ ಆಡಿಸಿದೆ.

"ಈ ಪೇಜ್ ಸರಿ ಇಲ್ಲ ಅಂತ ನಾನು ಓನರ್ ಯಶ್ವಂತ್ ಸರ್‌ಗೆ ಹೇಳಿದ್ದೆ. ಒಂದು ದೋಣಿಗೆ ಅಂತ ಬರೆಯುವ ಅಂದೆ. ಬೇಡ ಅಂದ್ರು. ಗೊಂದಲ ಇರಲಿ, ಹೆದರಿಕೆ ಆದಾಗ ಜನ ತಾವಾಗಿ ದೊಡ್ಡ ಪ್ಲಾನ್ ತೆಗೊಳ್ತಾರೆ ಅಂದ್ರು."

"ಬೀಗ ತೆಗೀರಿ."

"ತೆಗೀಬಹುದು. ಆದರೆ ಒಟಿಪಿ ಸರ್ ಫೋನಿಗೆ ಹೋಗ್ತದೆ. ಅವರು ಫೋನ್ ಎತ್ತುದಿಲ್ಲ. ಇವತ್ತು ಕುಕ್ಕುಂದೂರಿನ ಮನೆಯಲ್ಲಿ ಮೀಟಿಂಗ್. ದುಬೈನಿಂದ ಪಾರ್ಟಿ ಬಂದಿದೆ. ಕಂಪನಿಯನ್ನೇ ಮಾರ್ತಾ ಇದ್ದಾರೆ."

ಆಫೀಸಿಗೆ ಓಡಿದೆವು. ಅವನು ಕಂಪ್ಯೂಟರ್ ಹಚ್ಚಿದ. ಬೂಬಣ್ಣನ ಡಬ್ಬಿ ಇನ್ನೂ ಉಸಿರಾಡುತ್ತಿತ್ತು. ಬ್ಯಾಟರಿಯ ಗೆರೆ ಕೆಂಪಾಗಿತ್ತು.

"ಇದು ಸತ್ತರೆ?"

"ಮತ್ತೆ ಸಿಗುದು ಹಳೆಯ ಜಾಗ ಮಾತ್ರ. ಗಾಳಿಗೆ ದೋಣಿ ಎಲ್ಲಿಗೆ ಹೋಗ್ತದೋ..."

ಪೂರ್ತಿ ಕೇಳಲು ನಾನು ಅಲ್ಲಿರಲಿಲ್ಲ.

ಕುಕ್ಕುಂದೂರಿನ ಮನೆಯ ಜಗಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಯಶ್ವಂತ್ ಬಿಳಿ ಅಂಗಿಯಲ್ಲಿದ್ದ. ಎದುರು ಕೋಟು ಹಾಕಿದ ದುಬೈಯ ಮನುಷ್ಯ. ಮೇಜಿನ ಮೇಲೆ ಗೋಡಂಬಿ, ಲ್ಯಾಪ್‌ಟಾಪ್, ಫೋನು.

"ಯಾರಮ್ಮ ನೀನು?"

"ಕಾಪುವಿನಿಂದ. ದೋಣಿ ಮುಳುಗ್ತಾ ಉಂಟು. ಬೀಗ ತೆಗೀಬೇಕು."

ಯಶ್ವಂತ್ ಎದ್ದು ಬಂದು ನನ್ನನ್ನು ಕಂಬದ ಬದಿಗೆ ಕರೆದ. ಮುಖದಲ್ಲಿ ನಗು. ಧ್ವನಿ ಮಾತ್ರ ಬೇರೆ.

"ನೋಡು ತಂಗಿ. ಈಗ ತೆಗೆದರೆ ಅಲರ್ಟ್ ಫೇಲ್ ಅಂತ ಲ್ಯಾಪ್‌ಟಾಪಿನಲ್ಲಿ ಕೆಂಪು ಬರ್ತದೆ. ಅವರ ಕಣ್ಣೆದುರೇ! ಸಹಿ ಆಗಲಿ. ಸಂಜೆ ನೋಡುವ."

"ಸಂಜೆಗೆ ಸತ್ತಿರ್ತಾರೆ."

"ಎರಡು ದೋಣಿಗೆ ಒಂದು ಪ್ಲಾನ್ ತೆಗೊಂಡದ್ದು ನಾನಾ? ಓದಿ ಒತ್ತಬೇಕು! ಫಾರ್ಮ್ ಉಂಟಲ್ಲ, ತುಂಬಿಸು. ಸೋಮವಾರ ಫೋನ್ ಮಾಡ್ತಾರೆ."

ನಾನು ಜಗಲಿಯ ಮೆಟ್ಟಿಲಲ್ಲಿ ಕುಳಿತೆ. ಸುಮ್ಮನೆ. ಅವನನ್ನೇ ನೋಡುತ್ತಾ.

ಅವನು ಗೋಡಂಬಿ ತಿಂದ. ದರದ ಬಗ್ಗೆ ಮಾತಾಡಿದ. ನಕ್ಕ. ಇನ್ನೊಂದು ಗೋಡಂಬಿ ತಿಂದ.

ಇವನಿಗೆ ತಡೆಯುತ್ತದೆ! ಇವನು ಎಷ್ಟು ಹೊತ್ತು ಬೇಕಾದರೂ ತಡೆದುಕೊಳ್ಳುತ್ತಾನೆ!

ಬೂಬಣ್ಣ ನೆನಪಾದ. ಬೇಸಿಗೆಯಲ್ಲಿ ಸ್ಟೂಲಿನ ಹತ್ತಿರ ನಿಂತು, 'ಏನು ಚೈತಾ, ಇವತ್ತೂ ಮೌನವ್ರತವಾ?' ಎಂದು ಕೀಟಲೆ ಮಾಡುವ ಬೂಬಣ್ಣ. ಈಗ ಅವನ ಬಾಯೊಳಗೆ ಉಪ್ಪುನೀರು.

ಒಳಗಿನಿಂದ ಹೆಂಗಸೊಬ್ಬರು ಕರೆದರು. ಯಶ್ವಂತ್ ತಲೆ ತಿರುಗಿಸಿದ.

ಮೇಜಿನ ಮೇಲಿದ್ದ ಅವನ ಫೋನ್ ಎತ್ತಿಕೊಂಡೆ. ಓಡಿದೆ!

"ಏ! ಏಯ್! ಹಿಡಿಯಿರಿ ಅವಳನ್ನು!"

ಗೇಟು... ಸ್ಕೂಟರ್... ಕೀ ಅದರಲ್ಲೇ ಇತ್ತು.

ಹಾಗೆ ಬಂದದ್ದು ಈ ಜೀಪು.

ಹಿರಿಯಡ್ಕದ ಮೊದಲ ಅಂಗಡಿ ಕಾಣಿಸಿದಾಗ ಶ್ರವಣ್ ಮತ್ತೆ ಕಿರುಚಿದ.

"ಹಳೆಯ ಒಟಿಪಿ ಸತ್ತಿತು! ಹೊಸತು ಕಳಿಸ್ತೇನೆ. ನಿಲ್ಲಿ! ಎಲ್ಲಿಯಾದರೂ ನಿಲ್ಲಿ!"

"ನಿಂತರೆ ಸಿಕ್ಕಿಬೀಳ್ತೇನೆ!"

"ನಿಲ್ಲದಿದ್ದರೆ ಅವರು ಸಾಯ್ತಾರೆ! ಬ್ಯಾಟರಿ ಮುಗೀತಾ ಬಂತು!"

ಪೇಟೆಯ ನಡುವೆ ಬ್ರೇಕ್ ಹಾಕಿದೆ. ಸ್ಕೂಟರ್ ಜಾರಿತು. ಮೊಣಕಾಲು ಡಾಮರಿಗೆ ಉಜ್ಜಿತು. ಯಶ್ವಂತನ ಫೋನನ್ನು ಬಿಡಲಿಲ್ಲ.

ಲಾಕ್ ಆದ ಸ್ಕ್ರೀನಿನ ಮೇಲೆ ಮೆಸೇಜು ಇಣುಕಿತು. ಓದುವ ಮೊದಲೇ ಫೋನ್ ರಿಂಗಾಯಿತು. ಸ್ಕ್ರೀನ್ ತುಂಬ ಹೆಸರು... 'ಡ್ರೈವರ್'.

ಕಟ್ ಮಾಡಿದೆ. ಮತ್ತೆ ರಿಂಗ್! ಕಟ್. ಮತ್ತೆ!

ಯಶ್ವಂತ್ ಜೀಪಿನಿಂದ ಇಳಿಯುತ್ತಾ, ಡ್ರೈವರಿನ ಫೋನಿನಿಂದ ತನ್ನ ಫೋನಿಗೆ ತಾನೇ ಕರೆ ಮಾಡುತ್ತಿದ್ದ. ಮೆಸೇಜು ಕಾಣದ ಹಾಗೆ! ಬುದ್ಧಿವಂತ.

"ಕಳ್ಳಿ! ಫೋನ್ ಕದ್ದು ಓಡ್ತಾ ಇದ್ದಾಳೆ! ಹಿಡಿಯಿರಿ!"

ಜನ ತಿರುಗಿದರು. ಬಸ್ಸಿನವರು, ತರಕಾರಿಯವರು, ಆಟೋದವರು. ಎಲ್ಲರ ಕಣ್ಣು ನನ್ನ ಮೇಲೆ. ನನಗೆ ಅತ್ಯಂತ ಹೆದರಿಕೆಯ ಜಾಗ ಅದು. ಇಬ್ಬರು ನನ್ನ ಕಡೆ ಬಂದರು. ಒಬ್ಬ ತೋಳು ಹಿಡಿದ.

ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

ಇನ್ನೊಮ್ಮೆ.

"ಬೂಬಣ್ಣ!" ಎಂದು ಕಿರುಚಿದೆ. ಅದು ನನ್ನ ಧ್ವನಿಯೆಂದು ನನಗೇ ಗೊತ್ತಾಗಲಿಲ್ಲ. "ಕಾಪುವಿನ ಬೂಬಣ್ಣ ಕಡಲಲ್ಲಿ ಮುಳುಗ್ತಾ ಇದ್ದಾನೆ! ಎಲ್ಲಿ ಅಂತ ಇವನಿಗೆ ಗೊತ್ತುಂಟು! ಹೇಳುದಿಲ್ಲ ಅಂತಾನೆ!"

ರಸ್ತೆ ಬದಿಯಲ್ಲಿ ಮೀನಿನ ಬುಟ್ಟಿಗಳ ಹಿಂದೆ ಹೆಂಗಸರು ಕುಳಿತಿದ್ದರು. ದಿನಾ ಕಡಲ ಬದಿಯಿಂದ ಬಸ್ಸು ಹತ್ತಿ ಬರುವವರು. ಅವರಲ್ಲೊಬ್ಬರು ಧಡಕ್ಕನೆ ಎದ್ದರು. ಶರ್ಮಿಳಕ್ಕ. ಕೈಯಲ್ಲಿ ಮೀನು ಕೊಚ್ಚುವ ಕತ್ತಿ. ಕತ್ತಿಯ ತುಂಬ ಬಂಗುಡೆಯ ರಕ್ತ.

"ಯಾವ ಬೂಬ? ವಾರಿಜನ ತಮ್ಮನಾ?"

"ಹೌದಕ್ಕ!"

ಶರ್ಮಿಳಕ್ಕ ನನಗೂ ಯಶ್ವಂತನಿಗೂ ನಡುವೆ ಬಂದು ನಿಂತರು. ಹಿಂದೆ ಇನ್ನೂ ಮೂವರು.

"ಅವಳ ಕೈ ಬಿಡು ಮಾರಾಯ," ಎಂದರು ನನ್ನ ತೋಳು ಹಿಡಿದವನಿಗೆ. ಅವನು ಬಿಟ್ಟ. ಮತ್ತೆ ಯಶ್ವಂತನ ಕಡೆ ತಿರುಗಿದರು. "ನೀವು ಆ ಫೋನ್ ಮಾಡುದು ನಿಲ್ಲಿಸಿ ಧನಿ."

"ನಿಮಗೆ ಗೊತ್ತಿಲ್ಲ, ಇದು ಬಿಸಿನೆಸ್ ವಿಷಯ—"

"ನಂದೂ ಬಿಸಿನೆಸ್ಸೇ. ಬೆಳಿಗ್ಗೆಯಿಂದ ಕೊಚ್ಚುತ್ತಾ ಇದ್ದೇನೆ. ಕೈ ಬಿಸಿ ಉಂಟು."

ಯಶ್ವಂತ್ ಫೋನ್ ಕೆಳಗಿಳಿಸಿದ.

ರಿಂಗ್ ನಿಂತಿತು. ಮೆಸೇಜು ಕಾಣಿಸಿತು!

"ಶ್ರವಣ್! ಬರ್ಕೊಳ್ಳಿ! ಏಳು... ಸೊನ್ನೆ... ನಾಲ್ಕು..."

ಕೊನೆಯ ಅಂಕಿ ಹೇಳಿದೆ. ಕಿವಿಯಲ್ಲಿ ಕೀಬೋರ್ಡಿನ ಸದ್ದು. ಆಮೇಲೆ ಅದೂ ನಿಂತಿತು.

"ಶ್ರವಣ್?"

"ತೆರೀತು... ತೆರೀತು ಮಾರಾಯ್ರೆ! ಕಾಪು ದೀಪಸ್ತಂಭದಿಂದ ನೇರ ಪಡು ಅಲ್ಲ, ತೆಂಕಕ್ಕೆ ತೇಲಿದ್ದಾರೆ! ಕಂಟ್ರೋಲ್ ರೂಮಿಗೆ ಕೊಡ್ತಾ ಇದ್ದೇನೆ... ಅಯ್ಯೋ!"

"ಎಂತಾಯ್ತು?"

"ಡಬ್ಬಿ ಆಫ್ ಆಯ್ತು."

ನಾನು ರಸ್ತೆಯಲ್ಲೇ ಕುಳಿತೆ. ಶರ್ಮಿಳಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಮೀನಿನ ಕೈಯಿಂದಲೇ ನನ್ನ ತಲೆ ಸವರಿದರು. ಯಾರೂ ಮೀನು ಕೊಳ್ಳಲಿಲ್ಲ. ಬಸ್ಸು ಹೊರಡಲಿಲ್ಲ. ಹಿರಿಯಡ್ಕದ ಪೇಟೆ ಇಡೀ ನನ್ನ ಹೆಲ್ಮೆಟ್ಟಿನೊಳಗಿನ ಫೋನಿಗೆ ಕಿವಿ ಕೊಟ್ಟು ಕಾಯುತ್ತಿತ್ತು. ಯಶ್ವಂತನೂ ಕಾಯುತ್ತಿದ್ದ. ಹೋಗಲು ಅವನಿಗೆ ದಾರಿ ಇರಲಿಲ್ಲ.

ಬಿಸಿಲು ಅಂಗಡಿಯ ಶೀಟಿನಿಂದ ಜಾರಿ ನೆಲಕ್ಕೆ ಬಂದಿತ್ತು. ಆಗ ಫೋನ್ ಬಂತು. ದಡದಲ್ಲಿ ಯಾರದೋ ಫೋನ್ ಹಿಡಿದ ವಾರಿಜಕ್ಕ; ದೊಡ್ಡ ದೋಣಿಯವರು ಅವರಿಗೆ ಸುದ್ದಿ ಕೊಟ್ಟಿದ್ದರು. ಮೊದಲು ಉಸಿರು ಮಾತ್ರ. ಆಮೇಲೆ ಅಳು. ಅಷ್ಟು ಹೊತ್ತು ಹಿಡಿದಿಟ್ಟ ಅಳು.

ಹೆಲ್ಮೆಟ್ಟನ್ನು ಕಿವಿಗೆ ಒತ್ತಿ ಹಿಡಿದೆ.

"ಅಕ್ಕ...?"

"ಸಿಕ್ಕಿದ್ರು ಚೈತಾ! ಮಗುಚಿದ ದೋಣಿಯ ಮೇಲೆ ಇಬ್ಬರೂ ಹಲ್ಲಿ ಹಾಗೆ ಅಂಟಿಕೊಂಡಿದ್ರಂತೆ! ಸುಂದರನಿಗೆ ಪ್ರಜ್ಞೆ ಇಲ್ಲ, ಉಸಿರು ಉಂಟು. ಬೂಬ... ಆ ಪೆದ್ದ... ಚಪ್ಪಲಿ ಹೋಯ್ತು ಅಂತ ಬೇಜಾರು ಮಾಡ್ತಾ ಇದ್ದಾನಂತೆ!"

ದೋಣಿಯನ್ನು ತರಲು ಆಗಲಿಲ್ಲ. ಎಳೆಯುವಾಗ ಹಗ್ಗ ತುಂಡಾಗಿ ಕಣ್ಣೆದುರೇ ತಳ ಸೇರಿತು.

ಠಾಣೆಯಲ್ಲಿ ಎಸ್‌ಐ ನನಗೆ ಕುರ್ಚಿ ಕೊಟ್ಟರು. ಮೊಣಕಾಲಿಗೆ ಬ್ಯಾಂಡೇಜು ತರಿಸಿದರು. ಹೊರಗೆ ಮೀನಿನ ಹೆಂಗಸರ ಗದ್ದಲ. ಯಶ್ವಂತ್ ನಿಂತೇ ಇದ್ದ. ದುಬೈಯ ಮನುಷ್ಯ ಸಹಿ ಹಾಕದೆ ಏರ್‌ಪೋರ್ಟಿಗೆ ಹೋದನೆಂದು ಅವನಿಗೆ ಆಗಷ್ಟೇ ತಿಳಿದಿತ್ತು.

"ಇವಳ ಮೇಲೆ ಕೇಸ್ ಹಾಕಿ ಸರ್! ನನ್ನ ಮನೆಗೆ ಬಂದು ಫೋನ್ ಕದ್ದಿದ್ದಾಳೆ!"

ಎಸ್‌ಐ ಪೆನ್ನು ಎತ್ತಿಕೊಂಡರು. "ಎಂತ ಮಗಾ, ಕದ್ದದ್ದು ಹೌದಾ?"

ಫೋನನ್ನು ಮೇಜಿನ ಮೇಲಿಟ್ಟು ಯಶ್ವಂತನ ಕಡೆಗೆ ಮೆಲ್ಲನೆ ದೂಡಿದೆ.

"ಇಲ್ಲ ಸರ್. ಫ್ರೀ ಟ್ರಯಲ್... ಇಷ್ಟ ಇಲ್ಲದಿದ್ದರೆ ಇವರು ಯಾವಾಗ ಬೇಕಾದರೂ ಕ್ಯಾನ್ಸಲ್ ಮಾಡಬಹುದಿತ್ತು!"